ಅವು ಏಳುವ ತನಕ

ಹೋದ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗ ಊರಿಂದ ಫೋನ್ ಮಾಡಿದ. ರೇಷ್ಮೆ ಹುಳು ಸಾಕುತ್ತಿದ್ದ ಹಳೇ ಹುಳುಮನೆಯ ಹೆಂಚು ಇಳಿಸುತ್ತಿದ್ದರಂತೆ. ಗೋಡೆ ಕೆಡವಿ ಆ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು ಶೀಟು ಹಾಕಿಸುವ ಆಲೋಚನೆ. “ಅಟ್ಟದ ಮೇಲೆ ಚಂದ್ರಿಕೆ ಅವೆ ಅಕ್ಕ. ಅರ್ಧಕ್ಕರ್ಧ ಗೆದ್ಲು ತಿಂದದೆ. ಏನ್ ಮಾಡಾನ?” ಎಂದ. ಅಪ್ಪ ಈಗ ಬೆಂಗಳೂರಿನಲ್ಲಿ ನನ್ನ ಜೊತೆಗಿದ್ದಾರೆ. ಅವರನ್ನು ಕೇಳಿದೆ. “ಒಲೆಗಾಕ್ಲಿ, ಬಿದಿರು ಚೆನ್ನಾಗಿ ಉರೀತದೆ” ಎಂದರು. ಅಲ್ಲಿಗೆ, ಹುಳುಗಳು ಗೂಡು ಕಟ್ಟುತ್ತಿದ್ದ ಆ ಚಂದ್ರಿಕೆಗಳ ಕಥೆ ಮುಗಿಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹುಳುಮನೆಯ ಒಳಗಿನ ಮಬ್ಬು, ಹಸಿ ಸೊಪ್ಪಿನ ವಾಸನೆ, ಲಾಟೀನು ಹಿಡಿದು ತಟ್ಟೆಯಿಂದ ತಟ್ಟೆಗೆ ಬಗ್ಗಿ ನೋಡುತ್ತಿದ್ದ ದೊಡ್ಡವ್ವನ ಬೆನ್ನು, ಒಂದೊಂದಾಗಿ ಕಣ್ಣ ಮುಂದೆ ಬಂದವು.

ಬರಲು ಕಾರಣವೂ ಇತ್ತು. ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾದ ಮೇಲೆ ನಮ್ಮ ಮನೆ ಪೂರ್ತಿಯಾಗಿ ಗಡಿಯಾರದ ಮೇಲೆ ನಡೆಯತೊಡಗಿತ್ತು. ಮಾತ್ರೆಗೆ ಅಲಾರಂ, ಊಟಕ್ಕೆ ಅಲಾರಂ, ವ್ಯಾಯಾಮಕ್ಕೆ ಅಲಾರಂ. ನಡುಮನೆಯಲ್ಲಿ ಕ್ಯಾಮೆರಾ, ಆಫೀಸಿನಲ್ಲಿ ಕೂತ ನನ್ನ ಫೋನಿನಲ್ಲಿ ಅದರ ಚಿತ್ರ. ಅವರ ಒಂದು ಹೆಜ್ಜೆಯೂ ನನಗೆ ಗೊತ್ತಿಲ್ಲದೆ ಬೀಳಬಾರದು ಎಂಬ ಹಟ. ಅಂಥ ದಿನಗಳಲ್ಲಿ ಹುಳುಮನೆಯ ನೆನಪಾದರೆ ಅದು ಬರೀ ಊರಿನ ನೆನಪಲ್ಲ.

ನಮ್ಮೂರು ಕನಕಪುರದ ಕಡೆಯದು. ನಾನು ಹೇಳುತ್ತಿರುವುದು 1980ರ ದಶಕದ ಮಾತು. ವಿಶ್ವಬ್ಯಾಂಕಿನ ನೆರವಿನ ರೇಷ್ಮೆ ಯೋಜನೆ ಶುರುವಾಗಿ, ಬಾವಿ ಇದ್ದವರೆಲ್ಲ ರಾಗಿ ಹೊಲದ ಒಂದು ಮೂಲೆಗಾದರೂ ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದರು. ನಮ್ಮದೂ ಎರಡೆಕರೆ ಎಂ-5 ತಳಿಯ ತೋಟ, ವರ್ಷಕ್ಕೆ ನಾಲ್ಕೈದು ಬೆಳೆ. ಮನೆಯ ಮಗ್ಗುಲಿಗೆ ಉದ್ದನೆಯ ಹುಳುಮನೆ. ಮಣ್ಣಿನ ಗೋಡೆ, ನಾಡಹೆಂಚು, ಎತ್ತರದಲ್ಲಿ ಚಿಕ್ಕ ಕಿಟಕಿಗಳು. ಒಳಗೆ ಬಿದಿರಿನ ಸ್ಟ್ಯಾಂಡುಗಳು, ಅವುಗಳಲ್ಲಿ ಒಂದರ ಮೇಲೊಂದು ದುಂಡನೆಯ ತಟ್ಟೆಗಳು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿರುತ್ತಿದ್ದರು. ಆ ಬಟ್ಟಲುಗಳಿಗೆ ನೀರು ತುಂಬುವುದು ನನಗೆ ಬಂದ ಮೊದಲ ಕೆಲಸ. ಆಮೇಲೆ ಸೊಪ್ಪು ಹೆಚ್ಚುವುದು, ಹಿಕ್ಕೆ ತೆಗೆಯುವುದು. ಸ್ಕೂಲಿನಿಂದ ಬಂದು ಚೀಲ ಇಟ್ಟರೆ ರಾತ್ರಿ ಊಟದವರೆಗೂ ನಾನು ಹುಳುಮನೆಯಲ್ಲೇ.

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪನನ್ನು ನಾನು ನೋಡಿಲ್ಲ, ನಾನು ಹುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ದೊಡ್ಡವ್ವ ತವರಿಗೆ ಹೋಗದೆ ನಮ್ಮಲ್ಲೇ ಉಳಿದಳು. ಹುಳು ಮನೆಗೆ ಬಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಅವಳ ಚಾಪೆ ಹುಳುಮನೆಯ ಬಾಗಿಲಿಗೆ ಬರುತ್ತಿತ್ತು. ಕತ್ತಲಲ್ಲಿ ಮಲಗಿದಲ್ಲಿಂದಲೇ ಸೊಪ್ಪು ತೀರಿತೋ ಇಲ್ಲವೋ ಹೇಳುತ್ತಿದ್ದಳು. ಕೊನೆಯ ಹಂತದ, ಅಂದರೆ ಐದನೇ ಹಂತದ ಹುಳುಗಳು ಸೊಪ್ಪು ಮೇಯುವ ಸದ್ದು ಒಣಗಿದೆಲೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗಿರುತ್ತದೆ. ಆ ಸದ್ದು ತೆಳುವಾಯಿತು ಎಂದರೆ ದೊಡ್ಡವ್ವ ಎದ್ದು ಕೂತಿರುತ್ತಿದ್ದಳು. ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಆ ಕೊನೆಯ ಒಂದು ವಾರದಲ್ಲೇ ಖಾಲಿಯಾಗುತ್ತದೆ. ಆ ವಾರ ಅವಳು ಯಾವಾಗ ನಿದ್ದೆ ಮಾಡುತ್ತಿದ್ದಳೋ ನಾನು ಕಂಡಿಲ್ಲ.

ಮೊಟ್ಟೆಯೊಡೆದು ಬಂದಾಗ ರೇಷ್ಮೆ ಹುಳು ಮೂರು ಮಿಲಿಮೀಟರ್ ಉದ್ದದ ಕಪ್ಪು ಎಳೆ. ಮೂರೂವರೆ ವಾರದ ಸುಮಾರಿಗೆ ಅದರ ತೂಕ ಹತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ. ಅಷ್ಟು ಬೇಗ ಬೆಳೆಯುವ ಮೈಗೆ ಚರ್ಮ ಸಾಲದು, ನಾಲ್ಕು ಸಲ ಅದು ಪೊರೆ ಕಳಚಬೇಕು. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು ಅಲುಗದೆ ಕೂತುಬಿಡುತ್ತದೆ, ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ. ಆ ಹೊತ್ತಿನಲ್ಲಿ ನಾವು ಮಾಡುವುದು ಬಹಳ ಕಡಿಮೆ. ತಟ್ಟೆ ಒಣಗಿರಬೇಕು, ಸುಣ್ಣದ ಪುಡಿ ಉದುರಿಸಿರಬೇಕು, ಗಾಳಿಯಾಡಬೇಕು, ಯಾರೂ ಅಲುಗಿಸಬಾರದು. ಎಲ್ಲ ಹುಳುವೂ ಒಟ್ಟಿಗೆ ಏಳುವುದಿಲ್ಲ. ಮೊದಲೆದ್ದವು ಹಸಿದು ತಲೆಯಾಡಿಸುತ್ತವೆ. ಅಯ್ಯೋ ಪಾಪ ಎಂದು ಅವಕ್ಕೆ ಸೊಪ್ಪು ಹಾಕಿದರೆ ಎದ್ದವು ತಿಂದು ಮುಂದಕ್ಕೆ ಹೋಗುತ್ತವೆ, ಏಳದವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ, ಬೆಳೆಯೇ ಏರುಪೇರಾಗುತ್ತದೆ. ಹೆಚ್ಚುಕಡಿಮೆ ಅಷ್ಟೂ ಎದ್ದ ಮೇಲೆಯೇ ಸೊಪ್ಪು.

ಅಪ್ಪ ಲೆಕ್ಕದ ಮನುಷ್ಯ. ರೇಷ್ಮೆ ಇಲಾಖೆಯವರ ತರಬೇತಿಗೆ ಹೋಗಿ ಬಂದಿದ್ದರು. ಹುಳುಮನೆಯ ಗೋಡೆಗೆ ಒಣ ಬಲ್ಬು ಒದ್ದೆ ಬಲ್ಬಿನ ಥರ್ಮಾಮೀಟರ್ ತೂಗುಹಾಕಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ಮೊಟ್ಟೆ ತಂದ ತಾರೀಕು, ಪ್ರತಿ ಜ್ವರದ ತಾರೀಕು, ಸೊಪ್ಪಿನ ತೂಕ, ಕೂಲಿ, ಎಲ್ಲ ಬರೆಯುತ್ತಿದ್ದರು. ಮಾರುಕಟ್ಟೆಗೆ ಹೋಗುವ ದಿನವನ್ನೂ ಮುಂಚೆಯೇ ಬರೆದಿಡುತ್ತಿದ್ದರು.

ಒಂದು ಪುಷ್ಯ ಮಾಸದಲ್ಲಿ ವಿಪರೀತ ಚಳಿ. ಬೆಳಗ್ಗೆ ಒಂಬತ್ತಾದರೂ ಮಂಜು ಬಿಡುತ್ತಿರಲಿಲ್ಲ. ಹುಳುಮನೆಯಲ್ಲಿ ಇದ್ದಿಲ ಕುಂಪಟೆ ಇಟ್ಟರೂ ಕಾವು ಏರಲಿಲ್ಲ. ನಾಲ್ಕನೇ ಜ್ವರಕ್ಕೆ ಕೂತ ಹುಳುಗಳು ನೋಟ್‌ಬುಕ್ಕಿನ ದಿನಕ್ಕೆ ಏಳಲಿಲ್ಲ. ಅಪ್ಪ ಪಕ್ಕದ ಊರಿನಿಂದ ಸೊಪ್ಪು ಕೊಂಡು ತರಿಸಿದ್ದರು, ಗಾಡಿ ಬಂದು ನಿಂತಿತ್ತು, ಕೂಲಿಯವರು ಬಂದಿದ್ದರು. ಸೊಪ್ಪು ಬಾಡುತ್ತಿದೆ, ಎದ್ದಷ್ಟಕ್ಕಾದರೂ ಹಾಕೋಣ ಎಂದು ಅಪ್ಪ. ದೊಡ್ಡವ್ವ ಬಾಗಿಲಿಗೆ ಅಡ್ಡ ಕೂತಳು. “ಇನ್ನೂ ಎದ್ದಿಲ್ಲ ಕಣ್ ತಮ್ಮಯ್ಯ. ಅವು ಏಳಾಗಂಟ ನಾವು ಸುಮ್ಕಿರ್ಬೇಕು. ಸೊಪ್ಪಿಗೆ ಗೋಣಿ ಹೊದ್ಸಿ ನೀರು ಚಿಮುಕ್ಸು, ನಾಳೆಗಂಟ ಇರ್ತದೆ” ಎಂದಳು. ದನಿ ಏರಿಸಲಿಲ್ಲ. ಎದ್ದೂ ಹೋಗಲಿಲ್ಲ.

ಅವತ್ತು ರಾತ್ರಿ ಅವಳ ಪಕ್ಕ ನಾನಿದ್ದೆ. ಲಾಟೀನನ್ನು ಮರೆ ಮಾಡಿ ಹಿಡಿದು ಒಂದು ತಟ್ಟೆಯ ಹತ್ತಿರ ನನ್ನನ್ನು ಬಗ್ಗಿಸಿ, “ಅಗೋ, ಅದ ನೋಡು ಮಗ” ಎಂದಳು. ಒಂದು ಹುಳು. ಮೊದಲು ಅದರ ಮುಖಕ್ಕಂಟಿದ್ದ ಹಳೇ ಚಿಪ್ಪು, ಸಾಸಿವೆಗಿಂತ ಚಿಕ್ಕದು, ಸಡಿಲವಾಗಿ ಕಳಚಿ ಬಿತ್ತು. ಕೆಳಗಿಂದ ಹೊಸ ತಲೆ ಬಂತು, ತೆಳು ಬಣ್ಣದ್ದು, ಮೈಗಿಂತ ದೊಡ್ಡದಾಗಿ ಕಾಣುವಂಥದ್ದು. ಆಮೇಲೆ ಹುಳು ಮುಂದಕ್ಕೆ ಸರಿಯತೊಡಗಿತು. ಸರಿದಂತೆ ಹಳೇ ಪೊರೆ ಹಿಂದಕ್ಕೆ ಸುಕ್ಕುಸುಕ್ಕಾಗಿ ಸೇರುತ್ತಾ ಹೋಯಿತು. ನಡುವೆ ಒಂದೆಡೆ ತಡೆಯಿತು. ನಾನು ಉಸಿರು ಬಿಗಿಹಿಡಿದಿದ್ದೆ, ಬೆರಳು ತಾನಾಗಿ ಮುಂದೆ ಹೋಗಿತ್ತು. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು, ಏನೂ ಹೇಳಲಿಲ್ಲ. ಹುಳು ಸುಧಾರಿಸಿಕೊಂಡು ಮತ್ತೆ ಸರಿಯಿತು. ಪೊರೆ ಬಾಲದ ತುದಿಯಿಂದ ಜಾರಿ ಸೊಪ್ಪಿನ ಕಡ್ಡಿಗೆ ಅಂಟಿ ನಿಂತಿತು. ಹೊರಬಂದ ಹುಳುವಿನ ಮೈ ಸಡಿಲ ಸಡಿಲ, ಬರೀ ಸುಕ್ಕು. ಅದು ತಕ್ಷಣ ತಿನ್ನಲೂ ಹೊರಡಲಿಲ್ಲ. ಬಹಳ ಹೊತ್ತು ಸುಮ್ಮನಿತ್ತು. ಅದನ್ನು ನೋಡುತ್ತಾ ನಾವೂ ಅಷ್ಟೇ ಹೊತ್ತು ಸುಮ್ಮನಿದ್ದೆವು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಬೆಳೆಯೆಲ್ಲ ಎದ್ದಿತು. ಅಪ್ಪ ನೋಟ್‌ಬುಕ್ಕಿನ ತಾರೀಕು ಹೊಡೆದುಹಾಕಿ ಹೊಸದು ಬರೆದರು.

ಇದನ್ನು ಕೇಳಿ ದೊಡ್ಡವ್ವ ಸರಿ, ಅಪ್ಪ ತಪ್ಪು ಎಂದು ಯಾರೂ ತಿಳಿಯಬಾರದು. ಅಪ್ಪನ ಕಟ್ಟುನಿಟ್ಟು ಇಲ್ಲದಿದ್ದರೆ ದೊಡ್ಡವ್ವನ ಕಣ್ಣಿಗೆ ನೋಡಲು ಬೆಳೆಯೇ ಉಳಿಯುತ್ತಿರಲಿಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಹೊಕ್ಕು ಹುಳುವನ್ನು ತಿನ್ನುತ್ತದೆ, ಹೊಕ್ಕ ಕಡೆ ಕಪ್ಪು ಚುಕ್ಕೆ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಬೆಳೆಯೇ ಕೈಗೆ ಬರಲಿಲ್ಲ. ಕಿಟಕಿಬಾಗಿಲಿಗೆಲ್ಲ ಜಾಲರಿ ಹೊಡೆಸಿದವರು ಅಪ್ಪ. ಪ್ರತಿ ಬೆಳೆಯ ಮುಂಚೆ ಫಾರ್ಮಲಿನ್ ಸಿಂಪಡಿಸಿ ಬಾಗಿಲು ಬಿಗಿದಿಡುತ್ತಿದ್ದವರು, ತಟ್ಟೆಗಳನ್ನು ತೊಳೆಸಿ ಬಿಸಿಲಿಗಿಡಿಸುತ್ತಿದ್ದವರು, ಬಾಗಿಲಲ್ಲಿ ಬ್ಲೀಚಿಂಗ್ ಪೌಡರಿನ ನೀರಿಗೆ ಕಾಲಿಟ್ಟೇ ಒಳಗೆ ಬರಬೇಕು ಎಂದು ಗದರುತ್ತಿದ್ದವರು ಅಪ್ಪ. ಹುಳುವಿನ ರೋಗಗಳಿಗೆ ಮದ್ದು ಅಂತ ಇಲ್ಲ, ಬರದಂತೆ ನೋಡಿಕೊಳ್ಳುವುದೇ ಮದ್ದು. ಕೈಯಲ್ಲಿರುವಷ್ಟನ್ನು ಅಪ್ಪ ಬಿಗಿಯಾಗಿ ಹಿಡಿದಿದ್ದರು. ಎಲ್ಲಿಗೆ ಆ ಹಿಡಿತ ನಿಲ್ಲಬೇಕು ಎಂಬುದು ದೊಡ್ಡವ್ವನಿಗೆ ಗೊತ್ತಿತ್ತು, ಏಕೆಂದರೆ ಅವಳು ಹುಳುವನ್ನು ನೋಡುತ್ತಿದ್ದಳು. ಹಾಲುತೊಂಡೆ ರೋಗ ತಗುಲಿದ ಹುಳುವನ್ನು ಅವಳು ಗುರುತಿಸುತ್ತಿದ್ದುದು ಹಾಗೆಯೇ. ಮಿಕ್ಕವು ಜ್ವರಕ್ಕೆ ಕೂತಿರುವಾಗ ರೋಗದ ಹುಳು ಕೂರುವುದಿಲ್ಲ, ನಿಲ್ಲದೆ ತಟ್ಟೆಯ ಅಂಚಿನಲ್ಲೇ ಹರಿದಾಡುತ್ತದೆ. ಅದರ ಮೈಯೊಡೆದು ಹಾಲು ಸೋರುವ ಮೊದಲೇ ದೊಡ್ಡವ್ವ ಅದನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಿರುತ್ತಿದ್ದಳು. ಕೈಕಟ್ಟಿ ಕೂತವಳಲ್ಲ ಅವಳು. ಬಿಡುವುದು ಯಾವುದು, ಬಿಡಬಾರದ್ದು ಯಾವುದು ಎಂಬುದು ಹತ್ತಿರದಿಂದ ನೋಡಿದವರಿಗೆ ಮಾತ್ರ ತಿಳಿಯುತ್ತದೆ ಎಂದು ನಾನು ಈಗ ನಂಬಿದ್ದೇನೆ.

ಹುಳು ಹಣ್ಣಾಗುವ ದಿನ ಮನೆಯವರೆಲ್ಲ ಹುಳುಮನೆಗೆ. ಹಣ್ಣಾದ ಹುಳು ಸೊಪ್ಪು ಬಿಡುತ್ತದೆ, ಮೈ ಕುಗ್ಗಿ ಬೆಳಕಿಗೆ ಹಿಡಿದರೆ ಹಳದಿಯಾಗಿ ಕಾಣುತ್ತದೆ, ತಲೆ ಎತ್ತಿ ಆಸರೆ ಹುಡುಕುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಆರಡಿ ಉದ್ದ ನಾಲ್ಕಡಿ ಅಗಲದ ಬಿದಿರ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಬಿದಿರ ಪಟ್ಟಿ. ಮೇದರು ಹೆಣೆದು ಕೊಡುತ್ತಿದ್ದ ಅದರಲ್ಲಿ ಸಾವಿರ ಹುಳು ಹಿಡಿಯುತ್ತದೆ. ಬೇಗ ಬಿಟ್ಟರೆ ಹುಳು ಅಲೆಯುತ್ತದೆ, ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳುಮಾಡುತ್ತದೆ. ಆ ಒಂದು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಂಡದ್ದಿಲ್ಲ.

ಚಂದ್ರಿಕೆಗೆ ಬಿಟ್ಟ ಮೇಲೆ ಮುಗಿಯಿತು. ನಾವಿನ್ನು ಏನೂ ಮಾಡುವಂತಿಲ್ಲ. ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಎರಡು ಮೂರು ದಿನ ಬಿಡದೆ ನೂಲು ಸುರಿದುಕೊಳ್ಳುತ್ತದೆ. ಒಂದೇ ಎಳೆ. ನಮ್ಮ ಹಳದಿ ಗೂಡುಗಳಲ್ಲಿ ಆರೇಳು ನೂರು ಮೀಟರ್ ಇರುತ್ತಿತ್ತು, ಈಗಿನ ಬಿಳಿ ದ್ವಿತಳಿ ಗೂಡುಗಳಲ್ಲಿ ಸಾವಿರ ದಾಟುತ್ತದೆ. ಗೂಡಿನೊಳಗೆ ಹುಳು ಕೋಶವಾಗಿ ಗಟ್ಟಿಯಾಗುವವರೆಗೆ ಬಿಡಿಸಲೂ ಬಾರದು. ಆ ದಿನಗಳಲ್ಲಿ ಅಪ್ಪ ದಿನಕ್ಕೆ ನೂರು ಸಲ ಹೋಗಿ ನೋಡಿ ಬರುತ್ತಿದ್ದರು. ದೊಡ್ಡವ್ವ ತಲೆಗೆ ಎರೆದುಕೊಂಡು ಹಗಲಿಡೀ ಮಲಗುತ್ತಿದ್ದಳು. ಸಂಜೆ ಎದ್ದು ಚಂದ್ರಿಕೆಗಳ ಮುಂದೆ ನಿಂತು ಎಳೆ ಗೂಡುಗಳನ್ನು ನೋಡುತ್ತಿದ್ದಳು. ಮೊದಮೊದಲು ಗೂಡು ತೆಳು ಪರದೆ, ಒಳಗೆ ಹುಳು ಆಡುವುದು ಕಾಣುತ್ತದೆ. ಎರಡನೇ ದಿನಕ್ಕೆ ಕಾಣುವುದಿಲ್ಲ. ಕಾಣದಾದ ಮೇಲೂ ಅವಳು ಅಲ್ಲೇ ನಿಂತಿರುತ್ತಿದ್ದಳು. ಒಳಗಿನ ಜೀವವನ್ನು ಬಿಸಿಗೆ ಕೊಂದೇ ನೂಲು ತೆಗೆಯುವುದು ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ಅಕ್ಕರೆಯಿಂದ ಸಾಕಿದ್ದನ್ನು ಅದಕ್ಕೇ ಕಳಿಸುವುದರ ಬಗ್ಗೆ ಅವಳು ಮಾತಾಡಿದ್ದು ನಾನು ಕೇಳಿಲ್ಲ. ಗೂಡು ಮೂಟೆ ಕಟ್ಟುವಾಗ ಅವಳು ಹುಳುಮನೆಯಲ್ಲಿ ಇರುತ್ತಿರಲಿಲ್ಲ, ತೋಟಕ್ಕೆ ಹೋಗುತ್ತಿದ್ದಳು. ನನ್ನೊಳಗೂ ಆ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ನನಗೆ ಪ್ರೀತಿಯ ಭಾಗ. ಇನ್ನೊಂದು ಭಾಗವನ್ನೂ ಹೇಳಬೇಕು.

ಗೂಡಿನ ಮೂಟೆಗಳನ್ನು ರಾತ್ರಿ ತಂಪಿನಲ್ಲಿ ಬಸ್ಸಿನ ಟಾಪಿಗೆ ಹಾಕಿ ಅಪ್ಪ ರಾಮನಗರದ ಗೂಡು ಮಾರುಕಟ್ಟೆಗೆ ಹೋಗುತ್ತಿದ್ದರು. ಹರಾಜಿನಲ್ಲಿ ಒಂದು ದಿನ ಇದ್ದ ರೇಟು ಮರುದಿನ ಇರುತ್ತಿರಲಿಲ್ಲ. ಒಪ್ಪದೆ ವಾಪಸು ತರುವ ಹಾಗೂ ಇಲ್ಲ, ಕೆಲವೇ ದಿನಕ್ಕೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ನೂಲು ತೆಗೆಯುವ ರೀಲರು ಕೂಗಿದ ರೇಟಿಗೆ ಕೊಟ್ಟು ಬರಬೇಕು. ಮನೆಗೆ ಬಂದು ಅಪ್ಪ ಗೋಡೆಗೊರಗಿ ಕೂತು, “ಬಂದಷ್ಟು ಬಂತು, ನಮ್ಮ ಕೈಲೇನದೆ” ಎನ್ನುತ್ತಿದ್ದರು. ದೊಡ್ಡವ್ವ ಹುಳುವಿನ ಮುಂದೆ ಸುಮ್ಮನಿರುತ್ತಿದ್ದುದಕ್ಕೂ ಅಪ್ಪನ ಈ ಮಾತಿಗೂ ಹೊರಗಿಂದ ನೋಡಿದರೆ ವ್ಯತ್ಯಾಸ ಕಾಣದು. ಆದರೆ ಇದು ಬೇರೆ. ಹುಳುವಿನ ಮೈಯಲ್ಲಿ ಆಗುವುದು ಪ್ರಕೃತಿಯ ಕೆಲಸ. ರೇಟು ಪ್ರಕೃತಿಯಲ್ಲ. ಅದರ ಹಿಂದೆ ಮನುಷ್ಯರ ತೀರ್ಮಾನಗಳಿರುತ್ತವೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ರಾಮನಗರದಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಲಾಯಿತು. ಫಲದ ಆಸೆ ಬಿಡಿ ಎಂದು ಉಪದೇಶಿಸುವವರು ಈ ಮಾತನ್ನು ಗೂಡು ಮಾರುಕಟ್ಟೆಯ ಹೊರಗೆ ಕೂತ ರೈತನಿಗೆ ಹೇಳಬಾರದು. ಅವನು ಬಿಟ್ಟದ್ದಲ್ಲ, ಅವನಿಂದ ಕಿತ್ತುಕೊಂಡದ್ದು.

ಕಿತ್ತುಕೊಂಡದ್ದು ಮನೆಯೊಳಗೂ ಇತ್ತು. ನಾನು ದೊಡ್ಡವಳಾದ ಮೇಲೆ ತಿಂಗಳಿಗೆ ಮೂರು ದಿನ ನನ್ನನ್ನು ಹುಳುಮನೆಗೆ ಸೇರಿಸುತ್ತಿರಲಿಲ್ಲ. ಹುಳುವಿಗೆ ಮೈಲಿಗೆ ತಗುಲುತ್ತದೆ, ಬೆಳೆ ಕೆಡುತ್ತದೆ ಎಂದು. ಚಪ್ಪಲಿ ಬಿಡು, ಕೈಕಾಲು ತೊಳೆ ಎಂಬ ಮಾತಿಗೆ ಅರ್ಥವಿದೆ, ರೋಗ ಹರಡುವುದೇ ಹಾಗೆ. ಇದಕ್ಕೆ ಯಾವ ಅರ್ಥವೂ ಇರಲಿಲ್ಲ. ಕೂಲಿಗೆ ಬರುತ್ತಿದ್ದ ಹೆಂಗಸರಲ್ಲೂ ತೋಟದಲ್ಲಿ ಸೊಪ್ಪು ಕೊಯ್ಯುವವರು ಬೇರೆ, ಹುಳುಮನೆಯ ಹೊಸಲು ದಾಟಬಹುದಾದವರು ಬೇರೆ, ಅದನ್ನು ನಿರ್ಧರಿಸುತ್ತಿದ್ದುದು ಅವರ ಕೇರಿ. ಒಂದು ಹುಳುವಿನ ಮೇಲಿನ ಹಿಡಿತ ಬಿಡುವುದನ್ನು ಅಷ್ಟು ಚೆನ್ನಾಗಿ ಬಲ್ಲ ನನ್ನ ದೊಡ್ಡವ್ವ ಈ ಕಟ್ಟಳೆಗಳಲ್ಲಿ ಒಂದನ್ನೂ ಸಡಿಲಿಸಲಿಲ್ಲ. ಅವಳ ಮೇಲಿನ ಪ್ರೀತಿ ಎಷ್ಟೇ ಇದ್ದರೂ ಇದನ್ನು ನಾನು ಬಿಟ್ಟು ಬರೆಯಲಾರೆ.

ಮತ್ತು ಅವಳ ಬದುಕು. ಲಕ್ಷಗಟ್ಟಲೆ ಗೂಡು ಅವಳ ಕಣ್ಣೆದುರು ಬೆಳೆದು ಹೋದವು. ರಾಮನಗರದ ಮಾರುಕಟ್ಟೆಯನ್ನು ಅವಳು ಒಮ್ಮೆಯೂ ನೋಡಲಿಲ್ಲ. ದುಡ್ಡಿನ ಲೆಕ್ಕ ಕೇಳಲಿಲ್ಲ, ಆ ಲೆಕ್ಕ ಅವಳ ಮುಂದೆ ಯಾರೂ ತೆರೆಯಲೂ ಇಲ್ಲ. ದೊಡ್ಡವ್ವನಿಗೆ ಆಸೆಯೇ ಇರಲಿಲ್ಲ, ಎಂಥ ನಿರ್ಲಿಪ್ತ ಜೀವ ಎಂದು ನಮ್ಮ ನೆಂಟರು ಇವತ್ತಿಗೂ ಹೊಗಳುತ್ತಾರೆ. ಚಂದ್ರಿಕೆಗಳು ಒಲೆಗೆ ಹೋದ ವಾರ ಅಪ್ಪನನ್ನು ಈ ಬಗ್ಗೆ ಕೇಳಿದೆ. ಅವರಿಗೆ ಈಗ ಮಾತು ಮೆಲ್ಲಗೆ, ತಡೆದು ತಡೆದು ಬರುತ್ತದೆ. “ಅತ್ಗೆ ಒಂದ್ಸಲ ಕೇಳಿದ್ರು. ನಾನೂ ಬತ್ತೀನಿ ಕಣಪ್ಪ, ಗೂಡು ಎಲ್ಲಿ ಸುರೀತಾರೆ ನೋಡ್ಬೇಕು ಅಂದ್ರು. ಹೆಂಗಸ್ರು ಬರೋ ಜಾಗ ಅಲ್ಲ ಅಂದ್ಬುಟ್ಟೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕರ್ಕೊಂಡೋಗ್ಬೋದಾಗಿತ್ತು” ಎಂದರು. ಆಸೆ ಇರದವಳಲ್ಲ ದೊಡ್ಡವ್ವ.

ಈಗ ಊರಿನಲ್ಲಿ ರೇಷ್ಮೆ ಬೇರೆಯೇ ಥರ. ಮೊಟ್ಟೆಯನ್ನು ಮನೆಗೆ ತರುವುದಿಲ್ಲ, ಎಳೆ ಹುಳು ಸಾಕುವ ಚಾಕಿ ಕೇಂದ್ರದವರು ಎರಡನೇ ಜ್ವರ ದಾಟಿಸಿ ಹುಳುವನ್ನೇ ಕೊಡುತ್ತಾರೆ. ತಟ್ಟೆಗಳು ಹೋಗಿ ಉದ್ದನೆಯ ಅಟ್ಟಣಿಗೆಗಳು ಬಂದಿವೆ, ಎಲೆ ಬಿಡಿಸದೆ ರೆಂಬೆ ಸಮೇತ ಹಾಸುತ್ತಾರೆ. ಬಿದಿರಿನ ಚಂದ್ರಿಕೆಯ ಜಾಗದಲ್ಲಿ ಪ್ಲಾಸ್ಟಿಕ್ ನೇತ್ರಿಕೆ, ತೊಳೆದು ಮಡಚಿಡಬಹುದು. ತೋಟದಲ್ಲಿ ವಿ-1 ತಳಿಯ ಹಿಪ್ಪುನೇರಳೆ. ಹರಾಜು ಕಂಪ್ಯೂಟರಿನಲ್ಲಿ. ಚಿಕ್ಕಪ್ಪನ ಮಗನ ಹೆಂಡತಿ ರಾತ್ರಿ ಹತ್ತಕ್ಕೆ ಮಲಗುತ್ತಾಳೆ, ಹಣ ಅವಳ ಹೆಸರಿನ ಖಾತೆಗೂ ಬರುತ್ತದೆ. ದೊಡ್ಡವ್ವನ ರಾತ್ರಿಗಳ ಬಗ್ಗೆ ಎಷ್ಟೇ ಅಕ್ಕರೆಯಿಂದ ಬರೆದರೂ ಆ ನಿದ್ದೆಗೇಡು ಮತ್ತೆ ಯಾವ ಹೆಣ್ಣಿಗೂ ಬೇಡ. ನಷ್ಟವಾದದ್ದು ಮೇದರ ಕಸುಬಿಗೆ, ಅದನ್ನು ಯಾರೂ ತುಂಬಿಕೊಡಲಿಲ್ಲ. ಮಿಕ್ಕ ಬದಲಾವಣೆಯಲ್ಲಿ ನಾನು ಬಹಳಷ್ಟನ್ನು ಒಪ್ಪುತ್ತೇನೆ. ಹುಳು ಜ್ವರಕ್ಕೆ ಕೂತಾಗ ಮಾತ್ರ ಆ ಹುಡುಗಿಯೂ ಕಾಯುತ್ತಾಳೆ. ಅದಕ್ಕೆ ಯಾವ ಯಂತ್ರವೂ ಬಂದಿಲ್ಲ.

ಇನ್ನು ಬೆಂಗಳೂರಿನ ನಮ್ಮ ಮನೆಯ ಮಾತು. ಅಪ್ಪನ ಚಿಕಿತ್ಸೆ ನಡೆಯುವಲ್ಲಿ ರೋಗಿಗಳ ಮನೆಯವರಿಗೆಂದು ಒಂದು ತರಗತಿ ಮಾಡಿದರು. ಮೈಂಡ್‌ಫುಲ್‌ನೆಸ್ ಎಂದರು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಎಂಬವರು ಬೌದ್ಧ ಧ್ಯಾನದ ಅಭ್ಯಾಸಗಳನ್ನು ತೆಗೆದುಕೊಂಡು, ವಾಸಿಯಾಗದ ನೋವಿನ ರೋಗಿಗಳಿಗೆಂದು ಶುರುಮಾಡಿದ ಪದ್ಧತಿ ಅದು. ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟು, ಬಾಯಿಗೆ ಹಾಕುವ ಮೊದಲು ಮೊದಲ ಸಲ ಕಂಡವರಂತೆ ನೋಡಿ ಎಂದರು. ನೋಡಿದೆ. ಸುಕ್ಕುಗಳ ನಡುವೆ ಬೆಳಕು ನಿಲ್ಲುವುದು ಕಂಡಿತು. ಒಳ್ಳೆಯದನ್ನೇ ಕಲಿಸುತ್ತಿದ್ದರು. ಆದರೆ ನನಗೆ ಬೇಕಾದದ್ದು ಒಣದ್ರಾಕ್ಷಿಯಲ್ಲಿರಲಿಲ್ಲ, ಅಪ್ಪನ ಕೈಯಲ್ಲಿತ್ತು.

ಬೆಳಗ್ಗೆ ಸ್ನಾನವಾದ ಮೇಲೆ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಬಹಳ ಹೊತ್ತು ಹಿಡಿಯುತ್ತದೆ. ನಾನು ಹಾಕಿದರೆ ಅರ್ಧ ನಿಮಿಷದ ಕೆಲಸ, ಮುಂಚೆ ನಾನೇ ಹಾಕುತ್ತಿದ್ದೆ. ಈಗ ಎದುರಿಗೆ ಕೂತು ನೋಡುತ್ತೇನೆ. ಎಡಗೈ ಹೆಬ್ಬೆರಳು ಸುಮ್ಮನಿದ್ದಾಗ ನಡುಗುತ್ತದೆ, ಅಂಗಿಯಂಚು ಹಿಡಿದ ಕೂಡಲೇ ನಡುಕ ಇಳಿಯುತ್ತದೆ. ಬಲಗೈ ಗುಂಡಿಯನ್ನು ಹುಡುಕಿ ಹೋಗುತ್ತದೆ, ಕಾಜದ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ಕಾಯಬೇಕು. “ಬೇಗ ಅಪ್ಪ” ಎಂದರೆ ಆ ಕೈ ಪೂರ್ತಿ ನಿಂತೇಹೋಗುತ್ತದೆ. ಮಾತಾಡದೆ ಇದ್ದರೆ ಬೆರಳು ತಾನೇ ದಾರಿ ಹುಡುಕಿ ಗುಂಡಿಯನ್ನು ಒಳಕ್ಕೆ ತಳ್ಳುತ್ತದೆ. ಮೇಲಿನ ಗುಂಡಿಯಿಂದ ಶುರುಮಾಡಿದರೆ ಕಷ್ಟ, ಕೆಳಗಿನಿಂದ ಬಂದರೆ ಸುಲಭ ಎಂಬುದು ಹೀಗೆ ನೋಡುತ್ತಾ ಗೊತ್ತಾಯಿತು. ಹೊಸ ಅಂಗಿಗೆ ಕಾಜ ಅಗಲ ಮಾಡಿಸಿದೆ. ಬಾಗಿಲ ಹೊಸಲಲ್ಲಿ ಅವರ ಹೆಜ್ಜೆ ಏಳುವುದೇ ಇಲ್ಲ, ಹಿಂದಿನಿಂದ ಆತುರಪಡಿಸಿದರೆ ಇನ್ನೂ ಕಟ್ಟಿಹೋಗುತ್ತದೆ. ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿದರೆ ಅದನ್ನು ದಾಟುವ ಗುರಿಯಲ್ಲಿ ಕಾಲು ಏಳುತ್ತದೆ ಎಂದು ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಹಾಗೇ ಆಯಿತು.

ಮಾತ್ರೆಯ ಅಲಾರಂ ಮಾತ್ರ ಬಿಟ್ಟಿಲ್ಲ. ಲೆವೊಡೋಪಾ ಹೊತ್ತಿಗೆ ಸರಿಯಾಗಿ ಹೋಗಬೇಕು, ಬೇಳೆ ಮೊಟ್ಟೆಯ ಊಟದ ಜೊತೆ ಬಿದ್ದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದರ ನೋಟ್‌ಬುಕ್ ಅಪ್ಪನೇ ಇಟ್ಟಿದ್ದಾರೆ. ಅಕ್ಷರ ದಿನದಿನಕ್ಕೆ ಚಿಕ್ಕದಾಗುತ್ತಿದೆ, ತಾರೀಕು ತಪ್ಪಿಲ್ಲ. ನಡುಮನೆಯ ಕ್ಯಾಮೆರಾ ತೆಗೆಸಿದೆ. ಅವರನ್ನು ಕೇಳಿಯೇ ತೆಗೆಸಿದೆ.

ಉಳಿದಿರುವುದು ಸಂಜೆಯ ನಡಿಗೆ. ರಸ್ತೆಯ ಕೊನೆಯ ಅಂಗಡಿಯವರೆಗೆ ಒಬ್ಬರೇ ಹೋಗಿಬರಬೇಕು ಎಂಬುದು ಅಪ್ಪನ ಆಸೆ. ಮೊದಲು ಬಹಳ ದಿನ ನಾನು ಸ್ವಲ್ಪ ದೂರದಲ್ಲಿ ಹಿಂದೆ ನಡೆದೆ. ಎಲ್ಲಿ ನಿಲ್ಲುತ್ತಾರೆ, ಯಾವ ತಿರುವಿನಲ್ಲಿ ವಾಲುತ್ತಾರೆ, ಮಾತ್ರೆ ತೆಗೆದುಕೊಂಡ ಎಷ್ಟು ಹೊತ್ತಿಗೆ ಹೆಜ್ಜೆ ಚೆನ್ನಾಗಿ ಬರುತ್ತದೆ ಎಂದು ಕಂಡುಕೊಂಡೆ. ಗೇಟಿನ ಮುಂದಿನ ಚಪ್ಪಡಿ ಎತ್ತಿಸಿ ಸಮ ಮಾಡಿಸಿದೆ, ಅಂಗಡಿಯವರಿಗೆ ಹೇಳಿಟ್ಟೆ. ಈಗ ಅವರು ಕೋಲು ಹಿಡಿದು ಒಬ್ಬರೇ ಹೋಗುತ್ತಾರೆ. ಬೀಳುವುದೇ ಇಲ್ಲ ಎಂದು ನಾನು ಹೇಳಲಾರೆ. ಅಬುಧಾಬಿಯಲ್ಲಿರುವ ತಮ್ಮನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಬಿದ್ದು ಸೊಂಟ ಮುರಿದುಕೊಂಡರೆ ಯಾರು ಹೊಣೆ ಎಂದು ಕೇಳುತ್ತಾನೆ. ಅವನ ಭಯ ಸುಳ್ಳಲ್ಲ, ನನಗೂ ಅದಿದೆ. ಡಿಸೆಂಬರಿನಲ್ಲಿ ಬರುತ್ತಾನೆ. ಬಂದವನು ಮೊದಲು ಒಂದು ವಾರ ಅಪ್ಪನ ಹಿಂದೆ ನಡೆಯಲಿ, ಆಮೇಲೆ ತೀರ್ಮಾನ ಮಾಡೋಣ ಎಂದಿದ್ದೇನೆ. ಒಪ್ಪಿದ್ದಾನೆ. ಆ ತೀರ್ಮಾನ ಮಾಡುವಾಗ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು, ಅವರ ಮಾತು ಎಷ್ಟೇ ತಡವಾಗಿ ಬಂದರೂ ಪೂರ್ತಿ ಕೇಳಬೇಕು ಎಂಬುದು ನಾನು ಹಾಕಿರುವ ಷರತ್ತು.